ಎಂಟು ಲಕ್ಷ ಜನ ಕಂಡ ನಗು

ಬೆಳಿಗ್ಗೆ ಕ್ಲಿನಿಕ್ಕಿಗೆ ಹೊರಡುವ ಮುಂಚೆ ಅವನು ಬಚ್ಚಲುಮನೆಯ ಚಿಲಕ ಹಾಕಿಕೊಂಡು, ನಲ್ಲಿ ತಿರುಗಿಸಿ ಬಕೆಟ್ಟಿಗೆ ನೀರು ಬಿಟ್ಟು, ಫೋನಿನಲ್ಲಿ ಆ ವಿಡಿಯೋವನ್ನು ಮತ್ತೊಂದು ಸಲ ನೋಡಿದ. ನೀರು ಬಿಟ್ಟದ್ದು ಒಳಗಿನ ಮಾತು ಹೊರಗೆ ಕೇಳದಿರಲಿ ಎಂದು. ಮೂವತ್ತು ವರ್ಷದಿಂದ ಊರವರ ನಾಲಿಗೆ ಹೊರಗೆ ಹಾಕಿಸಿ ನೋಡುತ್ತ ಬಂದ ಡಾಕ್ಟರು ತನ್ನ ಮುಖವನ್ನು ತಾನೇ ಹೀಗೆ ಕದ್ದು ನೋಡಬೇಕಾಗಿ ಬಂದದ್ದಕ್ಕೆ ನಗು ಬರಬೇಕಿತ್ತು, ಬರಲಿಲ್ಲ. ಇರುವುದು ನಲವತ್ತೆಂಟೇ ಸೆಕೆಂಡು. ಅವನ ಮೇಜು, ಬಿ.ಪಿ. ಯಂತ್ರ, ಮೇಜಿನ ಈಚೆಗೆ ಹೊಲಿಗೆ ಟೀಚರ್. ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸಿ ನಿವೃತ್ತರಾದ ಆಕೆಯನ್ನು ಎಲ್ಲರೂ ಕರೆಯುವುದು ಹಾಗೆಯೇ, ಅವನ ಕ್ಲಿನಿಕ್ಕಿನ ಕಾರ್ಡಿನ ಮೇಲೂ ಹಾಗೆಯೇ ಬರೆದಿದೆ. "ಮೂರು ತಿಂಗಳಲ್ಲಿ ಎರಡು ಸಲ ಅಂಗಿ ಹಿಡಿದು ಹೊಲಿದೆ ಡಾಕ್ಟ್ರೇ, ಸಡಿಲ ಆಗ್ತಾನೇ ಇದೆ" ಎನ್ನುತ್ತಾರೆ ಟೀಚರ್. ಅವನು ಹಿಂದಕ್ಕೊರಗಿ, "ಹೊಲಿಗೆ ಟೀಚರ್ ಕೈ ಸುಮ್ನಿರುತ್ತಾ? ಬೇರೆ ಕೆಲಸ ಇಲ್ಲ ಅಂದ್ರೆ ತನ್ನ ಅಂಗೀನೇ ಬಿಚ್ಚಿ ಹೊಲಿಯುತ್ತೆ" ಎಂದು ನಗುತ್ತಾನೆ. ಟೀಚರೂ ನಗುತ್ತಾರೆ. ಆಮೇಲೆ ಅವನು ಮುಂದಕ್ಕೆ ಬಾಗಿ ಆಕೆಯ ಕೈ ಹಿಡಿದುಕೊಂಡು, ದನಿ ತಗ್ಗಿಸಿ ಹೇಳುತ್ತಾನೆ: "ನಿಮಗೆ ಕಾಯಿಲೆ ಇಲ್ಲ ಟೀಚರ್. ಮಾತಾಡೋಕೆ ಜನ ಇಲ್ಲ, ಅಷ್ಟೇ. ಈ ಮಾತ್ರೆಗಳನ್ನೆಲ್ಲ ಪಕ್ಕಕ್ಕಿಡಿ. ದಿನಾ ಸಾಯಂಕಾಲ ಯಾರ ಹತ್ರಾನಾದ್ರೂ ಅರ್ಧ ಗಂಟೆ ಹರಟೆ ಹೊಡೀರಿ. ಅದೇ ಔಷಧಿ." ಅಲ್ಲಿಗೆ ಮುಗಿಯುತ್ತದೆ. ಕೆಳಗೆ ಎಂಟು ಲಕ್ಷ ಚಿಲ್ಲರೆ ಜನ ನೋಡಿದ್ದಾರೆ ಎಂಬ ಅಂಕಿ. ಬಕೆಟ್ಟು ತುಂಬಿ ನೀರು ಅವನ ಪಾದದ ಮೇಲೆ ಹರಿದಾಗಲೇ ಅವನಿಗೆ ನಲ್ಲಿಯ ನೆನಪಾದದ್ದು.

ಸುದ್ದಿ ಬಂದದ್ದು ಹಿಂದಿನ ಸಂಜೆ, ಅದೂ ಪಕ್ಕದ ಕೋಣೆಯಿಂದ. ಮಗಳೂ ಡಾಕ್ಟರೇ. ಆದರೆ ರೋಗಿಗಳ ಮುಖ ಅವಳು ಕಾಣುವುದಿಲ್ಲ. ಹಗಲಲ್ಲೂ ಪರದೆ ಎಳೆದುಕೊಂಡು, ಎರಡು ದೊಡ್ಡ ಮಾನಿಟರುಗಳ ಮುಂದೆ ಕೂತು, ನಾಲ್ಕಾರು ಆಸ್ಪತ್ರೆಗಳು ಕಳಿಸುವ ಸ್ಕ್ಯಾನುಗಳನ್ನು ಓದಿ ವರದಿ ಬರೆಯುತ್ತಾಳೆ. 'ಅಡುಗೆ ಮಾಡಿದವರು ಯಾರೋ, ಉಪ್ಪು ನೋಡೋದು ನೀನು' ಎಂದು ಅವನು ಅವಳನ್ನು ರೇಗಿಸುವುದುಂಟು. ನಿನ್ನೆ ಅವಳು ಕೋಣೆಯ ಬಾಗಿಲಲ್ಲಿ ನಿಂತು, "ಅಪ್ಪಾ, ಒಂದು ನಿಮಿಷ ಬಾ" ಎಂದಳು. ಸ್ಕ್ಯಾನಿನ ಜೊತೆ ಬಂದ ಚೀಟಿಯಲ್ಲಿ ಮನೆವೈದ್ಯರು ಎಂಬ ಜಾಗದಲ್ಲಿ ಅವನ ಹೆಸರಿತ್ತು. ಕಪ್ಪುಬಿಳುಪು ಪರದೆಯ ಮೇಲೆ ಅವಳ ಬಾಣ ಒಂದು ಕಡೆ ನಿಂತಿತು. "ಇಲ್ಲಿ ಪ್ಯಾಂಕ್ರಿಯಾಸಲ್ಲಿ ಗಡ್ಡೆ. ಲಿವರಲ್ಲೂ ಚುಕ್ಕೆ ಇವೆ ನೋಡು. ಇವರು ನಿನ್ನ ವಿಡಿಯೋದಲ್ಲಿರೋರು ಅಲ್ವಾ?" ಅವನು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ, ನೋಡುವುದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ. "ಮೂರೂವರೆ ತಿಂಗಳ ಹಿಂದೆ ಸಿಕ್ಕಿದ್ದಿದ್ರೆ?" ಎಂದು ಕೇಳಿದ. ಮಗಳು ಕುರ್ಚಿಯನ್ನು ತಿರುಗಿಸಿ, "ಏನೋ ಮಾಡಬಹುದಿತ್ತೇನೋ. ಆಗದೇನೂ ಇರಬಹುದಿತ್ತು. ಹೇಳೋಕಾಗಲ್ಲ ಅಪ್ಪಾ" ಎಂದಳು. ಆ 'ಹೇಳೋಕಾಗಲ್ಲ' ಎಂಬುದನ್ನು ಅವನು ಊಟದಲ್ಲಿ, ಹಾಸಿಗೆಯಲ್ಲಿ, ಬೆಳಿಗ್ಗೆ ಹಲ್ಲುಜ್ಜುವಾಗ ಬೆಲ್ಲದ ತುಂಡಿನ ಹಾಗೆ ಒಸಡಿನಲ್ಲಿಟ್ಟುಕೊಂಡು ಚೀಪಿದ್ದ. ಈಗ ಅದರಲ್ಲಿ ಸಿಹಿ ಉಳಿದಿರಲಿಲ್ಲ.

ಕ್ಲಿನಿಕ್ಕಿಗೆ ನಡೆದೇ ಹೋಗುವ ದೂರ. ಚಪ್ಪಲಿ ಅಂಗಡಿ, ಬೀಗದ ಕೈ ಮಾಡುವವನ ಗೂಡು, ಇಸ್ತ್ರಿಯವನ ಕಟ್ಟೆ. ಮೊದಲು ಇವರೆಲ್ಲ ಅವನನ್ನು ಕಂಡರೆ ಕೆಮ್ಮನ್ನೋ ಮಂಡಿನೋವನ್ನೋ ನೆನಪು ಮಾಡಿಕೊಳ್ಳುತ್ತಿದ್ದರು. ಈಗ ಮುಖ ಅರಳಿಸುತ್ತಾರೆ. ವಿಡಿಯೋ ಹಾಕಿದ್ದು ಟೀಚರ್ ಮಗ, ನೀರು ಸರಬರಾಜು ಕಚೇರಿಯ ಗುಮಾಸ್ತ. ತಾಯಿ ಎಷ್ಟೋ ದಿನದ ಮೇಲೆ ನಕ್ಕರು ಎಂಬ ಸಂತೋಷಕ್ಕೆ ಹಾಕಿದ್ದ, ಪಾಪ. ಒಂದು ವಾರದಲ್ಲಿ ಅದು ಎಲ್ಲೆಲ್ಲಿಗೋ ಹೋಯಿತು. ಇಂಥ ಡಾಕ್ಟರು ಬೀದಿಗೊಬ್ಬರಿರಬೇಕು ಎಂದು ಒಬ್ಬರು ಬರೆದಿದ್ದರು. ಫೀಸು ಕೇಳುವ ಮೊದಲು ಕೈ ಹಿಡಿಯುವ ಡಾಕ್ಟರನ್ನು ಕಂಡು ಕಣ್ಣು ತುಂಬಿತು ಎಂದು ಇನ್ನೊಬ್ಬರು. ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆ ಸಿಕ್ಕ ಮಾತು ಬೇರೆ: 'ಫೋನು ಹಿಡಿದಿದ್ದಾರೆ ಅಂತ ಅವರಿಗೆ ಗೊತ್ತೇ ಇಲ್ಲ ನೋಡಿ, ಅದೇ ಚೆಂದ.' ಅವನು ಅದನ್ನು ಓದಿದ ದಿನ ಅದರ ಕೆಳಗೆ ಏನೂ ಬರೆಯಲಿಲ್ಲ. ಕೇಳಿದವರಿಗೆ "ಅಯ್ಯೋ, ನನಗೆ ಗೊತ್ತೇ ಇರಲಿಲ್ಲ ಮಾರಾಯ್ರೆ" ಎಂದು ಒಂದೆರಡು ಸಲ ಹೇಳಿದ. ಆಮೇಲೆ ಅದೇ ನಿಜ ಎನ್ನಿಸತೊಡಗಿತು. ಜೊತೆಯ ಡಾಕ್ಟರುಗಳು 'ಹೀರೋ' ಎಂದು ಕರೆದರೆ ಬೇಜಾರು ತೋರಿಸಿದ. ಕ್ಲಿನಿಕ್ಕಿನ ಬಾಗಿಲು ತೆಗೆಯುವ ಮುಂಚೆ ತಲೆ ಬಾಚಿಕೊಳ್ಳುವುದನ್ನು ಶುರುಮಾಡಿದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಅವನ ಹತ್ತಿರ ಹದಿನೆಂಟು ವರ್ಷದಿಂದ ಕೆಲಸ ಮಾಡುವ ಸಿಸ್ಟರ್ ಅದನ್ನು ಕಂಡಿದ್ದಳು. ಬಾಚಣಿಗೆಗೆಂದು ಮೇಜಿನ ಸೆಳೆಖಾನೆಯಲ್ಲಿ ಹಳೇ ಥರ್ಮಾಮೀಟರಿನ ಡಬ್ಬಿ ಖಾಲಿ ಮಾಡಿ ಇಟ್ಟಿದ್ದಳು, ಒಂದು ಮಾತೂ ಆಡದೆ.

ಗೊತ್ತಿತ್ತು. ಇಸ್ತ್ರಿಯವನು ಕೆಂಡದ ಮೇಲೆ ನೀರು ಚಿಮುಕಿಸಿದ ಸದ್ದಿಗೆ ವಿಡಿಯೋ ತೆಗೆದ ಆ ಮಧ್ಯಾಹ್ನ ಇದ್ದಕ್ಕಿದ್ದಂತೆ ಅವನ ಎದುರಿಗೆ ಬಂತು. ಟೀಚರ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಏನೋ ಹೇಳುತ್ತಿದ್ದರು, ಅವನು ಪರೀಕ್ಷೆಯ ಮಂಚದ ಕಡೆ ನೋಡಿ, ಮಲಗಿಸಿ ನೋಡೋಣವೇ ಎಂದು ಅರ್ಧ ಎದ್ದಿದ್ದ. ಆಗ ಕಣ್ಣಂಚಿನಲ್ಲಿ ಮಗನ ಕೈ ಮೇಲೆ ಬಂದದ್ದು, ಫೋನಿನ ಬೆನ್ನ ಮೇಲಿನ ಆ ಪುಟ್ಟ ಗಾಜುಗಣ್ಣು ತನ್ನ ಕಡೆ ತಿರುಗಿದ್ದು ಕಾಣಿಸಿತು. ಅವನು ಮತ್ತೆ ಕೂತ. ಕೂತದ್ದಷ್ಟೇ ಅಲ್ಲ, ಮಾತಿನ ಹದವೇ ಬದಲಾಯಿತು. ಆ ತಗ್ಗಿದ ದನಿ ಎಲ್ಲಿಂದ ಬಂತೋ. ವಿದ್ಯಾರ್ಥಿಯಾಗಿದ್ದಾಗ ಒಬ್ಬ ಮುದುಕ ಸರ್ಜನ್ ಅವನ ಅಂಗೈಯನ್ನು ಯಾರದೋ ಹೊಟ್ಟೆಯ ಮೇಲೆ ಒತ್ತಿ ಹಿಡಿದು, "ಕೈಗೆ ಕಿವಿ ಬರೋ ತನಕ ತೆಗೀಬೇಡ" ಎಂದು ಹೇಳಿ ವಾರ್ಡು ಸುತ್ತಲು ಹೋಗಿಬಿಟ್ಟಿದ್ದರು. ಕಾಲು ಗಂಟೆ ಹಾಗೇ ನಿಂತಿದ್ದ, ಮಲಗಿದ್ದ ರೋಗಿಯೇ ಕೊನೆಗೆ ಕನಿಕರಪಟ್ಟು, "ಬಂತಾ ಕಿವಿ?" ಎಂದು ಕೇಳಿದ್ದ. ಟೀಚರ್ ಹೊಟ್ಟೆಯ ಮೇಲೆ ಅವನು ಕೈಯಿಡಲೇ ಇಲ್ಲ. ಹಿಡಿದದ್ದು ಅಂಗೈಯನ್ನು. ಹೊಟ್ಟೆ ಮುಟ್ಟಿ ನೋಡುವುದು ವಿಡಿಯೋಗೆ ಚೆಂದ ಕಾಣುವ ಕೆಲಸವಲ್ಲ.

ಕ್ಲಿನಿಕ್ಕಿನ ಹೊರಗೆ ಆಗಲೇ ಇಪ್ಪತ್ತು ಜನ. ಅರ್ಧ ಜನ ಹೊಸಬರು, ದೂರದಿಂದ ಬಂದವರು, ಕೈಯಲ್ಲಿ ದಪ್ಪ ಫೈಲು. ಇವರಿಗೆ ಬೇಕಾದದ್ದು ಕೈ ಹಿಡಿದು ಕಾಯಿಲೆ ಇಲ್ಲ ಎನ್ನುವ ಆ ಮಾತೇ ಎಂದು ಈಚೆಗೆ ಅವನಿಗೆ ಕೂತ ಭಂಗಿಯಲ್ಲೇ ಗೊತ್ತಾಗುತ್ತದೆ. ನಾಲ್ಕನೆಯವನು ಶಾಲಾ ಬಸ್ಸಿನ ಡ್ರೈವರ್, ಹಳೇ ರೋಗಿ. ತಲೆ ಸಿಡಿಯುತ್ತದೆ ಎಂದ. ಸಿಸ್ಟರ್ ಬಿ.ಪಿ. ನೋಡಿ, ಮತ್ತೊಮ್ಮೆ ನೋಡಿ, ಚೀಟಿಯನ್ನು ಡಾಕ್ಟರ ಕಡೆ ಸರಿಸಿದಳು. ಇನ್ನೂರರ ಮೇಲಿತ್ತು.

"ಮಾತ್ರೆ ತಗೋತಿದೀರಾ?"

"ಬಿಟ್ಟು ಎರಡು ತಿಂಗಳಾಯ್ತು ಸಾರ್."

"ಯಾರು ಬಿಡು ಅಂದ್ರು?"

ಡ್ರೈವರ್ ಸ್ವಲ್ಪ ಸಂಕೋಚದಿಂದ, ಗುರುವಿಗೇ ಪಾಠ ಒಪ್ಪಿಸುವ ಹಾಗೆ, "ನೀವೇ ಹೇಳಿದ್ರಲ್ಲ ಸಾರ್, ಮಾತ್ರೆ ಎಲ್ಲ ಪಕ್ಕಕ್ಕಿಡಿ, ಜನರ ಹತ್ರ ಮಾತಾಡಿ ಅಂತ. ನಾನು ದಿನಾ ಸ್ಟ್ಯಾಂಡಲ್ಲಿ ಅರ್ಧ ಗಂಟೆ ಮಾತಾಡ್ತೀನಿ" ಎಂದು ಜೇಬಿನಿಂದ ಫೋನು ತೆಗೆದ. ಗಾಜು ಬಿರುಕು ಬಿಟ್ಟಿತ್ತು. ಬಿರುಕಿನ ಹಿಂದೆ ಡಾಕ್ಟರ ಮುಖವೇ ಮುಂದಕ್ಕೆ ಬಾಗಿ, ದನಿ ತಗ್ಗಿಸಿ, ಅದನ್ನೇ ಹೇಳಿತು. ಅವನು ಅದು ಮುಗಿಯುವವರೆಗೂ ನೋಡಿದ. ಮಧ್ಯದಲ್ಲಿ ನಿಲ್ಲಿಸು ಎನ್ನುವ ಧೈರ್ಯವಾಗಲಿಲ್ಲ. ಬಸ್ಸಿನಲ್ಲಿ ಎಷ್ಟು ಮಕ್ಕಳು ಎಂದು ಕೇಳಿದ. ನಲವತ್ತೆರಡು, ಎಂದ ಡ್ರೈವರ್. ಅವನನ್ನು ಮಂಚದ ಮೇಲೆ ಮಲಗಿಸಿ, ಮಾತ್ರೆ ಕೊಟ್ಟು, ಶಾಲೆಗೆ ತಾನೇ ಫೋನು ಮಾಡಿ ಇವತ್ತು ಬಸ್ಸಿಗೆ ಬೇರೆಯವರನ್ನು ಕಳಿಸಿ ಎಂದು ಹೇಳಿದ. ಆ ಕಡೆಯ ಹೆಂಗಸು, "ನೀವು ವಿಡಿಯೋ ಡಾಕ್ಟರಾ? ನಮ್ಮ ಸ್ಟಾಫ್ ರೂಮಲ್ಲಿ ಎಲ್ಲರೂ ನೋಡಿದೀವಿ ಸಾರ್" ಎಂದಳು. ಅವನು ಥ್ಯಾಂಕ್ಸ್ ಎಂದ. ಹೇಳಿದ ಮೇಲೆ ಯಾಕೆ ಹೇಳಿದೆ ಎಂದು ಬಹಳ ಹೊತ್ತು ಯೋಚಿಸಿದ.

ಮಧ್ಯಾಹ್ನ ಟೀಚರ್ ಮಗನೇ ಫೋನು ಮಾಡಿದ. ತಾಯಿಯನ್ನು ಬೆಳಿಗ್ಗೆ ದೊಡ್ಡಾಸ್ಪತ್ರೆಗೆ ಸೇರಿಸಿದ್ದೇವೆ ಎಂದ. ಬೈಯುತ್ತಾನೆ ಎಂದು ಇವನು ಕಾದ. ಬೈದಿದ್ದರೆ ಹಗುರವಾಗುತ್ತಿತ್ತು. "ನಾನು ಆ ವಿಡಿಯೋನ ನೂರು ಸಲ ನೋಡಿದೀನಿ ಡಾಕ್ಟ್ರೇ. ಅಮ್ಮ ಅದರಲ್ಲಿ ಅಂಗಿ ಸಡಿಲ ಆಗ್ತಿದೆ ಅಂತ ಹೇಳ್ತಾನೇ ಇದಾರೆ. ನನ್ನ ಕಿವಿಗೆ ಬೀಳಲೇ ಇಲ್ಲ. ನಿಮಗೆ ಅಂತ ಹೇಳ್ತಿಲ್ಲ, ನನಗೇ ಹೇಳ್ಕೋತಿದೀನಿ." ಆಮೇಲೆ, "ಅದನ್ನ ತೆಗೆದುಬಿಡ್ಲಾ? ಜನ ಕೆಳಗೆ ಅಮ್ಮ ಹೇಗಿದಾರೆ ಅಂತ ಕೇಳ್ತಾರೆ. ಏನು ಬರೀಬೇಕೋ ತಿಳೀತಿಲ್ಲ" ಎಂದ. ತೆಗೆದುಬಿಡಿ ಎಂಬ ಮಾತು ಇವನ ನಾಲಿಗೆಯ ತುದಿಗೆ ಬಂದು ಕೂತಿತು. ಡ್ರೈವರನ ನೆಪ ಕೈಯಲ್ಲೇ ಇತ್ತು: ಜನ ಮಾತ್ರೆ ಬಿಡುತ್ತಿದ್ದಾರೆ, ಸಮಾಜದ ಹಿತಕ್ಕಾಗಿ ತೆಗೆಯಿರಿ. ಎಷ್ಟು ಸಭ್ಯವಾದ ನೆಪ. ಒಂದು ಬೆರಳು ಒತ್ತಿದರೆ ಆ ನಗು ಇಲ್ಲವಾಗುತ್ತದೆ, ಆಕೆ ಹೇಳಿದ್ದೂ ಇವನು ಕೇಳದೆ ಬಿಟ್ಟದ್ದೂ ಎಂಟು ಲಕ್ಷ ಜನರ ಕಣ್ಣಮುಂದಿನಿಂದ ಹೋಗುತ್ತದೆ. ಅವರಾದರೂ ಅದನ್ನು ಕಂಡಿದ್ದರೇ? ಎಂಟು ಲಕ್ಷದಲ್ಲಿ ಇನ್ನೊಬ್ಬ ಡಾಕ್ಟರೂ ಇರಲಿಲ್ಲವೇ, ಒಬ್ಬ ನರ್ಸೂ ಇರಲಿಲ್ಲವೇ? ಈ ಪ್ರಶ್ನೆಯನ್ನು ಎತ್ತಿಕೊಂಡು ತಾನು ಎಲ್ಲಿಗೆ ಹೊರಟಿದ್ದೇನೆ ಎಂದು ಹೊಳೆದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಊರಿಗೆಲ್ಲ ಪಾಲು ಹಂಚಿ ತನ್ನ ತಪ್ಪನ್ನು ತೆಳ್ಳಗೆ ಮಾಡುವ ಲೆಕ್ಕ. "ಈಗಲೇ ಏನೂ ಮಾಡಬೇಡಿ. ಸಾಯಂಕಾಲ ನಾನು ಬರ್ತೀನಿ. ಟೀಚರನ್ನ ನೋಡಬೇಕು" ಎಂದ.

ಸಿಸ್ಟರಿಗೆ ಸಂಜೆಯ ಕ್ಲಿನಿಕ್ಕು ಇಲ್ಲವೆಂದು ಹೇಳಿದಾಗ ಅವಳು ಚೀಟಿಗಳನ್ನು ಜೋಡಿಸುತ್ತ, "ಟೀಚರ್‌ಗೆ ನಾನು ಕೇಳಿದೆ ಅಂತ ಹೇಳಿ" ಎಂದಳು. ಇವಳಿಗೆ ಹೇಗೆ ಗೊತ್ತಾಯಿತು? ಅವಳು ತಲೆಯೆತ್ತದೆ, "ಆವತ್ತು ಮಂಚದ ಮೇಲೆ ನಾನು ಹೊಸ ಬಟ್ಟೆ ಹಾಸಿದ್ದೆ ಸಾರ್. ನೀವು ಮಲಗಿಸಲಿಲ್ಲ" ಎಂದಳು. ಅಷ್ಟೇ. ಹದಿನೆಂಟು ವರ್ಷದಲ್ಲಿ ಅವಳು ಅವನಿಗೆ ಎದುರು ಆಡಿದ ಮಾತು ಅದೊಂದೇ ಇರಬೇಕು, ಅದನ್ನೂ ಹಾಸಿದ ಬಟ್ಟೆಯ ಮೇಲೆ ಹೊರಿಸಿ ಹೇಳಿದ್ದಳು.

ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ಈಗ ಚೀಟಿ ಬರೆಯುವವರಿಲ್ಲ, ಎದೆಮಟ್ಟದ ಒಂದು ಯಂತ್ರವಿದೆ. ರೋಗಿಯ ಹೆಸರು ಒತ್ತಿದರೆ, ನೀವು ಅವರಿಗೆ ಏನಾಗಬೇಕು ಎಂದು ಕೇಳುತ್ತದೆ. ಮಗ, ಮಗಳು, ಗಂಡ, ಹೆಂಡತಿ, ಇತರೆ. ಅವನು ಇತರೆ ಒತ್ತಿದ. ಪಾಸು ನಾಲಿಗೆಯಂತೆ ಹೊರಗೆ ಬಂತು. ಲಿಫ್ಟಿನ ಹತ್ತಿರದ ಕಾವಲುಗಾರ ಪಾಸು ನೋಡಿ, ಮುಖ ನೋಡಿ, ಕುರ್ಚಿಯಿಂದ ಎದ್ದು ನಿಂತ. "ಸಾರ್, ನೀವೇ ಅಲ್ವಾ? ನಮ್ಮಾಕೆ ನಂಬಲ್ಲ ಸಾರ್, ಒಂದೇ ಒಂದು ಫೋಟೋ." ಬೇಡ ಎನ್ನುವುದಕ್ಕೆ ಕಾರಣ ಹೇಳಬೇಕಾಗುತ್ತಿತ್ತು. ನಿಂತ. ಕಾವಲುಗಾರ ಕೈ ಉದ್ದ ಮಾಡಿ ಫೋನು ಹಿಡಿದು, "ಸ್ವಲ್ಪ ನಗಿ ಸಾರ್. ವಿಡಿಯೋದಲ್ಲಿ ನಕ್ಕ ಹಾಗೆ" ಎಂದ. ತುಟಿ ಎಳೆದು ನೋಡಿದ, ಆಗಲಿಲ್ಲ. "ಇರಲಿ ಬಿಡಿ, ಆಯಾಸ ಆಗಿದೆ ನಿಮಗೆ" ಎಂದು ಕಾವಲುಗಾರನೇ ಸಮಾಧಾನ ಮಾಡಿ ಲಿಫ್ಟಿನ ಗುಂಡಿ ಒತ್ತಿದ.

ಟೀಚರ್ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಮೂರೂವರೆ ತಿಂಗಳಲ್ಲಿ ಮುಖದ ಮೂಳೆಗಳೆಲ್ಲ ಮುಂದಕ್ಕೆ ಬಂದಿದ್ದವು, ಕಣ್ಣ ಬಿಳಿ ಹಳದಿಗೆ ತಿರುಗಿತ್ತು. ಮಗ ಕುರ್ಚಿ ಕೊಟ್ಟು ಕಾಲ ಬುಡದಲ್ಲಿ ನಿಂತ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳು ಅವನಿಗೆ ಈಗ ಭಾಷಣದಂತೆ ಕೇಳಿಸಿದವು. "ಟೀಚರ್, ಆವತ್ತು ನಾನು ತಪ್ಪು ಮಾಡಿದೆ. ನಿಮ್ಮ ಹೊಟ್ಟೆ ಮುಟ್ಟಿ ನೋಡಲಿಲ್ಲ. ನೀವು ಅಂಗಿ ಸಡಿಲ ಅಂದಿದ್ದಕ್ಕೆ ತಮಾಷೆ ಮಾಡಿದೆ" ಎಂದ. ಅಲ್ಲಿಗೇ ನಿಲ್ಲಿಸಬಹುದಿತ್ತು, ಅಷ್ಟು ಹೇಳಿದರೂ ದೊಡ್ಡ ಮನಸ್ಸೇ. ನಿಲ್ಲಿಸಲಿಲ್ಲ. "ಇವರು ಫೋನು ಹಿಡಿದದ್ದು ನನಗೆ ಕಾಣಿಸ್ತು. ಗೊತ್ತಿರಲಿಲ್ಲ ಅಂತ ಎಲ್ಲರಿಗೂ ಹೇಳಿದೀನಿ. ಗೊತ್ತಿತ್ತು. ಅದಕ್ಕೇ ಹಾಗೆಲ್ಲ ಮಾತಾಡಿದೆ."

ಟೀಚರ್ ಅವನ ಮುಖವನ್ನೇ ನೋಡಿದರು, ವಕ್ರ ಹೊಲಿಗೆ ಹಾಕಿ ತಂದ ಹುಡುಗಿಯನ್ನು ನೋಡುವ ಹಾಗೆ. ಆಮೇಲೆ, "ನಾನೂ ನೋಡಿದ್ದೆ" ಎಂದರು.

"ಏನು ನೋಡಿದ್ರಿ?"

"ಇವನು ಫೋನ್ ಎತ್ತಿದ್ದು. ಕೂದಲು ಸರಿ ಮಾಡ್ಕೊಂಡೆ. ನನಗಿನ್ನೂ ಹೇಳೋದಿತ್ತು ಡಾಕ್ಟ್ರೇ. ಬೆನ್ನಿಗೂ ನೋವು ಹೋಗುತ್ತೆ, ಕಕ್ಕಸಿಗೆ ಹೋದ್ರೆ ಬೆಳ್ಳಗಾಗುತ್ತೆ ಅಂತ. ನಾಲ್ಕು ಜನ ನೋಡೋ ಫೋನ್ ಮುಂದೆ ಅದನ್ನೆಲ್ಲ ಹೇಗೆ ಹೇಳ್ಲಿ? ಆಮೇಲೆ ಹೇಳೋಣ ಅಂದ್ಕೊಂಡೆ. ನೀವು ಕಾಯಿಲೆ ಇಲ್ಲ ಅಂದುಬಿಟ್ರಿ. ಅಷ್ಟು ಚೆನ್ನಾಗಿ ಹೇಳಿದ್ರಿ, ನನಗೂ ಹಾಗೇ ಅನ್ನಿಸಿತು."

ಕಾಲ ಬುಡದಲ್ಲಿದ್ದ ಮಗ ಮುಖ ತಿರುಗಿಸಿ ಕಿಟಕಿಯ ಕಡೆ ನಿಂತ. ಹೊರಗೆ ಯಾರೋ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದರು, ಬರಲಿ ಬರಲಿ ಎನ್ನುವ ಕೂಗು ಮೇಲಿನವರೆಗೂ ಬರುತ್ತಿತ್ತು. ಡಾಕ್ಟರಿಗೆ ಬಸ್ ಡ್ರೈವರನ ವಿಷಯ ಹೇಳಬೇಕೆನ್ನಿಸಿ ಹೇಳಿದ. ನಲವತ್ತೆರಡು ಮಕ್ಕಳು ಎಂದಾಗ ಟೀಚರ್ ನೆಟ್ಟಗೆ ಕೂತರು. "ನಾನು ತಪ್ಪು ಒಪ್ಕೊಂಡು ಇನ್ನೊಂದು ವಿಡಿಯೋ ಮಾಡ್ತೀನಿ ಅಂದ್ಕೊಂಡಿದೀನಿ. ಆದ್ರೆ ಕಾಯಿಲೆ ನಿಮ್ಮದು. ನೀವು ಬೇಡ ಅಂದ್ರೆ ನಿಮ್ಮ ವಿಷಯ ಎತ್ತಲ್ಲ" ಎಂದ. ಟೀಚರ್ ಯೋಚಿಸಿದರು. "ಅದರಲ್ಲಿ ಇಬ್ಬರಿದ್ವಿ. ಇದರಲ್ಲಿ ನೀವೊಬ್ರೇ ಯಾಕೆ?" ಎಂದರು. ಮಗ ಬೇಡಮ್ಮಾ ಎಂದ. "ಸುಮ್ನೆ ಹಿಡಿಯೋ. ಆವತ್ತು ಕೇಳದೇ ಹಿಡಿದೆಯಲ್ಲ, ಇವತ್ತು ಹೇಳಿ ಹಿಡಿಸ್ತಿದೀನಿ" ಎಂದು ಆಕೆ ಹೊದಿಕೆ ಸರಿಮಾಡಿಕೊಂಡರು, ಕೂದಲು ಮುಟ್ಟಲಿಲ್ಲ.

ಮೊದಲ ಸಲ ಅವನು ಮೂರು ನಿಮಿಷ ಮಾತಾಡಿದ. ಟೀಚರ್, "ಉದ್ದ ಆಯ್ತು. ಅರ್ಧ ಕತ್ತರಿಸಿ" ಎಂದರು. ಎರಡನೇ ಸಲ ಮಧ್ಯದಲ್ಲೇ ಅತ್ತುಬಿಟ್ಟ. ಅದೂ ಬೇಡ, ಜನ ಅಳೋದನ್ನೇ ನೋಡ್ತಾರೆ, ಮಾತು ಕೇಳಲ್ಲ ಎಂದರು. ಮೂರನೇ ಸಲ ಅವನು ಹೇಳಿದ್ದು ಇಷ್ಟು: ಮಾತ್ರೆ ಪಕ್ಕಕ್ಕಿಡಿ ಅಂತ ನಾನು ಹೇಳಿದ್ದು ತಪ್ಪು, ನಿಮ್ಮ ಡಾಕ್ಟರನ್ನ ಕೇಳದೆ ಬಿಡಬೇಡಿ; ಇವರಿಗೆ ಕಾಯಿಲೆ ಇತ್ತು, ನಾನು ಪರೀಕ್ಷೆ ಮಾಡದೆ ಇಲ್ಲ ಅಂದೆ. ಟೀಚರ್ ಸೇರಿಸಿದರು: "ನನ್ನ ಅಂಗಿ ಸಡಿಲ ಆಗ್ತಿತ್ತು. ಇವರು ನಕ್ರು, ನಾನೂ ನಕ್ಕೆ. ನಿಮ್ಮದು ಸುಮ್ಸುಮ್ನೆ ಸಡಿಲ ಆದ್ರೆ ನಗಬೇಡಿ. ಹೋಗಿ ತೋರಿಸಿ. ತೋರಿಸುವಾಗ ಫೋನ್ ಹೊರಗಿಡಿ." ಮಗ ಹಳೆಯದನ್ನು ತೆಗೆಯಲಿಲ್ಲ, ಅದರ ತಲೆಯ ಮೇಲೆಯೇ ಹೊಸದನ್ನು ಅಂಟಿಸಿದ. ಐದು ನಿಮಿಷವಾದರೂ ಹನ್ನೊಂದೇ ಜನ ನೋಡಿದ್ದರು. ನಾಳೆ ಜೊತೆಯವರು ಫೋನು ಮಾಡಿ, ವಕೀಲರನ್ನು ಕೇಳದೆ ಇಂಥದ್ದು ಮಾಡುತ್ತಾರೆಯೇ ಎಂದು ಉಗಿಯುತ್ತಾರೆ. ಕ್ಲಿನಿಕ್ಕಿನ ಸಾಲು ಚಿಕ್ಕದಾಗಬಹುದು. ಅದನ್ನು ನೆನೆದು ಎದೆ ಝಲ್ಲೆನ್ನುತ್ತದೆ ಎಂದು ಅವನು ಕಾದ. ಹಸಿವಾಗುತ್ತಿದೆ ಎಂದಷ್ಟೇ ಅನ್ನಿಸಿತು.

ಮಗ ಔಷಧಿ ತರಲು ಕೆಳಗೆ ಹೋದ. ಬಾಗಿಲು ಮುಚ್ಚಿಕೊಂಡ ಮೇಲೆ ಟೀಚರ್ ಕೇಳಿದರು.

"ಇಲ್ಲಿನ ಡಾಕ್ಟ್ರು ಟ್ರೀಟ್‌ಮೆಂಟು ಕೊಡೋಣ, ನೋಡೋಣ ಅಂತಾರೆ. ನೀವು ಹೇಳಿ. ಎಷ್ಟು ದಿನ?"

ಆ ದನಿ ಮತ್ತೆ ಗಂಟಲಿಗೆ ಬಂತು, ಅದೇ ತಗ್ಗಿದ ದನಿ. ಈಗ ಫೋನೂ ಇರಲಿಲ್ಲ, ನೋಡುವವರೂ ಇರಲಿಲ್ಲ, ಆದರೂ ಬಂತು. ಹಾಗಾದರೆ ಅದು ಫೋನಿನಿಂದ ಹುಟ್ಟಿದ್ದಲ್ಲ, ಮೊದಲಿನಿಂದ ಇದ್ದದ್ದು, ಎದುರಿನವರ ಮುಖ ಬಾಡುವುದನ್ನು ನೋಡಲಾರದ ಹೇಡಿತನದ ದನಿ. ಅದನ್ನು ನುಂಗಿಕೊಂಡ. ಆಮೇಲೆ ತನ್ನ ಮಾಮೂಲಿನ ದನಿಯಲ್ಲಿ, "ಆರು ತಿಂಗಳು ಟೀಚರ್. ಕಡಿಮೆನೂ ಆಗಬಹುದು. ನೋವಿಗೆ ಒಳ್ಳೆ ಔಷಧಿ ಇದೆ, ಅದನ್ನ ನಾನು ನೋಡ್ಕೋತೀನಿ" ಎಂದ.

ಟೀಚರ್ ತಲೆಯಾಡಿಸಿದರು. ಕಣ್ಣು ಒದ್ದೆಯಾಗಲಿಲ್ಲ, ತುಟಿ ಮಾತ್ರ, ಬಟ್ಟೆ ಅಳೆದು ಕತ್ತರಿ ಹಾಕುವವರು ಮಾಡುವಂತೆ, ಏನನ್ನೋ ಎಣಿಸುತ್ತಿತ್ತು.

"ಮೊಮ್ಮಗಳು ಹೊಲಿಗೆ ಹೇಳ್ಕೊಡು ಅಂತ ಎರಡು ವರ್ಷದಿಂದ ಪ್ರಾಣ ತಿಂತಿದಾಳೆ. ಪೂರ್ತಿ ಅಂಗಿ ಹೊಲಿಯೋದು ಆಗಲ್ಲ. ಕಾಜಾ ಹಾಕೋದು ಕಲಿಸಬಹುದು. ಕಾಜಾ ಅಂದ್ರೆ ಗುಂಡಿ ತೂರಿಸೋ ಕಿಂಡಿ. ಸಣ್ಣ ಕೆಲಸ ಅಂದ್ಕೋಬೇಡಿ, ಎಂಥೆಂಥವರೂ ಅಲ್ಲೇ ಎಡವೋದು."

"ಯಾಕೆ?"

"ಮೊದಲು ಬಟ್ಟೆ ಕತ್ತರಿಸಬೇಕಲ್ಲ. ಕತ್ತರಿಸಿದ ಮೇಲೆ ತಪ್ಪಾಯ್ತು ಅಂದ್ರೆ ಕೂಡಿಸೋಕಾಗಲ್ಲ. ಅಂಚು ಬಿಟ್ಟುಕೊಳ್ಳದ ಹಾಗೆ ಸುತ್ತಲೂ ಹೊಲಿದು ಗಟ್ಟಿ ಮಾಡಬೇಕು, ಅಷ್ಟೇ."

ಅವನು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು, ದಾರ ಒಂಟಿ ಎಳೆಯೋ ಜೋಡಿ ಎಳೆಯೋ ಎಂದು ಕೇಳಿದ. ಆಕೆ ಹೊದಿಕೆಯ ಅಂಚನ್ನು ಎರಡು ಬೆರಳಲ್ಲಿ ಮಡಿಸಿ ಹಿಡಿದು ತೋರಿಸತೊಡಗಿದರು.